ಬ್ಯಾಂಕಾಕಿನ ಮನೆಯಲ್ಲಿ ಸೊಮ್ ತಮ್ ಕಲಿತದ್ದು

ನಾವಿರುವ ಸೋಯ್‌ನ ಬಾಯಲ್ಲಿ ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ಒಂದು ಸದ್ದು ಶುರುವಾಗುತ್ತದೆ. ಪೊಕ್, ಪೊಕ್, ಪೊಕ್. ಸೋಯ್ ಎಂದರೆ ಬ್ಯಾಂಕಾಕಿನಲ್ಲಿ ದೊಡ್ಡ ರಸ್ತೆಯಿಂದ ಒಳಗೆ ಹೋಗುವ ಗಲ್ಲಿ. ಅಲ್ಲಿ ಒಂದು ತಳ್ಳುಗಾಡಿ ನಿಲ್ಲುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಹಸಿರು ಪಪ್ಪಾಯಿ, ಅಲಸಂಡೆ, ಟೊಮೆಟೊ, ನಿಂಬೆ. ಮುಂದೆ ಒಂದು ಆಳವಾದ ಮಣ್ಣಿನ ಒರಳು. ಅದರ ಹಿಂದೆ ಅರುವತ್ತು ದಾಟಿದ ಒಬ್ಬ ಹೆಂಗಸು. ಎಲ್ಲರೂ ಅವರನ್ನು ‘ಪಾ’ ಎನ್ನುತ್ತಾರೆ. ಥಾಯ್ ಭಾಷೆಯಲ್ಲಿ ಅಮ್ಮನ ಅಕ್ಕನಿಗೂ ಅಪ್ಪನ ಅಕ್ಕನಿಗೂ ಅದೇ ಪದ. ಹಿರಿಯ ಹೆಂಗಸರನ್ನು ಹೆಸರು ಹಿಡಿದು ಕರೆಯುವುದು ಇಲ್ಲಿಯೂ ಸರಿ ಕಾಣುವುದಿಲ್ಲ. ನಾನು ಮನಸ್ಸಿನಲ್ಲಿ ಅವರನ್ನು ದೊಡ್ಡಮ್ಮ ಎಂದೇ ಅಂದುಕೊಳ್ಳುತ್ತೇನೆ.

ಅವರು ಮಾಡುವುದು ಸೊಮ್ ತಮ್. ಸೊಮ್ ಎಂದರೆ ಹುಳಿ, ತಮ್ ಎಂದರೆ ಕುಟ್ಟುವುದು. ಹೊರಗಿನವರು ಇದನ್ನು ಪಪ್ಪಾಯಿ ಸಲಾಡ್ ಎನ್ನುತ್ತಾರೆ. ಆ ಹೆಸರು ಕೇಳಿದರೆ ಹೆಚ್ಚಿ ಕಲಸಿದರೆ ಆಯಿತು ಅನ್ನಿಸುತ್ತದೆ. ನಾನು ಮೊದಲ ಎರಡು ಸಲ ಕೆಡಿಸಿದ್ದೂ ಹಾಗೆ ಅಂದುಕೊಂಡೇ.

ನಾನು ಕುಂದಾಪುರದ ಕಡೆಯವಳು. ಪಪ್ಪಾಯಿ ಕಾಯಿ ನನಗೆ ಹೊಸದೇನಲ್ಲ. ನಮ್ಮ ಹಿತ್ತಲಲ್ಲಿ ಮೂರು ಗಿಡ ಇದ್ದವು. ಅಮ್ಮ ಅದರ ಪಲ್ಯ ಮಾಡುತ್ತಿದ್ದರು, ಹುಳಿಗೆ ಹಾಕುತ್ತಿದ್ದರು. ಬೇಯಿಸದೆ ತಿಂದದ್ದು ಮಾತ್ರ ಇಲ್ಲ. ಬ್ಯಾಂಕಾಕಿಗೆ ಬಂದು ಪಾ ಅವರ ಗಾಡಿಯ ಸೊಮ್ ತಮ್ ತಿಂದು, ಊರಿಗೆ ಫೋನ್ ಮಾಡಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಮಾತು: “ಹಸೀದನ್ನೇ ತಿಂತೀಯಾ? ಹೊಟ್ಟೆಗೆ ಏನೂ ಆಗಲ್ವಾ?”

ಏನೂ ಆಗಲಿಲ್ಲ. ವಾರಕ್ಕೆ ಮೂರು ಸಲ ತಿನ್ನುವ ಹಾಗಾಯಿತು. ಆಮೇಲೆ ಮನೆಯಲ್ಲೇ ಮಾಡುವ ಆಸೆ ಹುಟ್ಟಿತು.

ಮೊದಲ ಸಲ ಕಾಯಿಯನ್ನು ತುರಿಯುವ ಮಣೆಯಲ್ಲಿ ತುರಿದೆ. ಕ್ಯಾರೆಟ್ ತುರಿಯುವ ಸಣ್ಣ ಕಣ್ಣಿನ ಮಣೆ. ಮನೆಯಲ್ಲಿದ್ದ ಕಲ್ಲಿನ ಕುಟ್ಟಾಣಿಯಲ್ಲಿ ಎಲ್ಲವನ್ನೂ ಹಾಕಿ ಚೆನ್ನಾಗಿ ಕುಟ್ಟಿದೆ. ತಟ್ಟೆಗೆ ಬಂದದ್ದು ನೀರು ಬಿಟ್ಟ ಹಸಿರು ಗಂಜಿ. ಎರಡನೇ ಸಲ ಕಾಯಿಯನ್ನು ಕೈಯಲ್ಲೇ ಹೆಚ್ಚಿದೆ, ಎಳೆಗಳು ಚೆನ್ನಾಗಿಯೇ ಬಂದವು. ಆದರೆ ಕಾಯಿಯೇ ಬಲಿತು ಒಳಗೆ ಕೇಸರಿ ಬಣ್ಣಕ್ಕೆ ತಿರುಗಿತ್ತು. ಸಿಹಿ ಹತ್ತಿತ್ತು, ಗರಿಗರಿ ಇರಲಿಲ್ಲ. ಮಗಳು ಎರಡು ತುತ್ತು ತಿಂದು ತಟ್ಟೆ ಸರಿಸಿದಳು.

ಮರುದಿನ ಗಾಡಿಯ ಹತ್ತಿರ ನಿಂತು ನನ್ನ ಹರಕು ಮುರುಕು ಥಾಯ್‌ನಲ್ಲಿ ಇದನ್ನೆಲ್ಲ ಪಾ ಅವರಿಗೆ ಹೇಳಿದೆ. ಅವರು ಕೇಳಿದ್ದು, “ಖ್ರೊಕ್ ಯಾವುದು?” ಖ್ರೊಕ್ ಎಂದರೆ ಒರಳು. ಕಲ್ಲಿನದು ಎಂದೆ. ಅವರು ತಲೆ ಅಲ್ಲಾಡಿಸಿದರು. ಕಲ್ಲಿನ ಖ್ರೊಕ್ ಇರುವುದು ಸಾರಿನ ಮಸಾಲೆ ಅರೆಯಲು. ಸೊಮ್ ತಮ್‌ಗೆ ಮಣ್ಣಿನ ಖ್ರೊಕ್, ಮರದ ಸಾಕ್. ಸಾಕ್ ಎಂದರೆ ಕುಟ್ಟುವ ಕೋಲು. ನಮ್ಮ ಕಿವಿಗೆ ಅದು ‘ಸಾಕು’ ಎಂದೇ ಕೇಳಿಸುತ್ತದೆ. ಆ ಪದ ಮುಂದೆ ನನಗೆ ತುಂಬ ಉಪಕಾರಕ್ಕೆ ಬಂತು. ಸೋಮವಾರ ಅವರು ಗಾಡಿ ಹಾಕುವುದಿಲ್ಲ. “ಸೋಮವಾರ ಬರ್ತೀನಿ ಲೂಕ್, ಸಾಮಾನು ತಂದಿಡು” ಎಂದರು. ಲೂಕ್ ಎಂದರೆ ಮಗು. ಅಮ್ಮ ನನ್ನನ್ನು ‘ಮಗಾ’ ಎಂದು ಕರೆಯುವ ಹಾಗೇ.

ಭಾನುವಾರ ಬೆಳಗ್ಗೆ ಖ್ಲೋಂಗ್ ತೋಯಿ ಸಂತೆಗೆ ಹೋದೆ. ಬ್ಯಾಂಕಾಕಿನ ದೊಡ್ಡ ತರಕಾರಿ, ಮೀನು, ಮಾಂಸದ ಮಾರುಕಟ್ಟೆ ಅದು. ನೆಲವೆಲ್ಲ ಒದ್ದೆ. ಕೈಗಾಡಿಯವರು ಬಂದರೆ ಪಕ್ಕಕ್ಕೆ ಸರಿಯಲೇಬೇಕು. ಮೊದಲು ಖ್ರೊಕ್ ಕೊಂಡೆ. ಬಾಯಿ ಅಗಲ, ತಳ ಕಿರಿದು, ಅರ್ಧ ಮೊಳದಷ್ಟು ಆಳ. ಈ ಆಳದಲ್ಲೇ ಗುಟ್ಟಿದೆ. ಕುಟ್ಟುವಾಗ ಎಳೆಗಳು ಹೊರಗೆ ಹಾರುವುದಿಲ್ಲ, ರಸ ಎಲ್ಲ ತಳದಲ್ಲಿ ನಿಲ್ಲುತ್ತದೆ, ಚಮಚದಿಂದ ಮಗುಚಲು ಜಾಗ ಸಿಗುತ್ತದೆ. ಕಲ್ಲಿನ ಗುಂಡಿನಿಂದ ಹೊಡೆದರೆ ಈ ಮಣ್ಣು ಒಡೆದೇ ಹೋಗುತ್ತದೆ. ಅದಕ್ಕೇ ಮರದ ಸಾಕ್.

ಪಪ್ಪಾಯಿ ಮಾರುವ ಹೆಂಗಸು ನನ್ನ ಮುಖ ನೋಡಿ ನಗುತ್ತಾ ಒಂದು ಉದ್ದನೆಯ ಕಾಯಿ ಎತ್ತಿ “ಖೇಕ್ ದಮ್” ಎಂದಳು. ಸೊಮ್ ತಮ್‌ಗೆ ಇಲ್ಲಿ ತುಂಬ ಬಳಸುವ ತಳಿ ಅದು. ಖೇಕ್ ಎಂದರೆ ಅತಿಥಿ. ಭಾರತದ ಕಡೆಯವರನ್ನೂ ಇಲ್ಲಿಯ ಜನ ಅದೇ ಪದದಿಂದ ಕರೆಯುತ್ತಾರೆ. ದಮ್ ಎಂದರೆ ಕಪ್ಪು. ನಾನೂ ನಕ್ಕೆ, ಅದನ್ನೇ ಕೊಂಡೆ. ಪಕ್ಕದ ಬುಟ್ಟಿಯಲ್ಲಿ ಸೀಬೆಹಣ್ಣು ಇತ್ತು. ಅದಕ್ಕೆ ಇಲ್ಲಿ ‘ಫರಂಗ್’ ಎನ್ನುತ್ತಾರೆ, ಬಿಳಿಯರಿಗೂ ಅದೇ ಮಾತು. ಆಗ ನೆನಪಾಯಿತು, ಮೈಸೂರು ಕಡೆಯವರು ಪಪ್ಪಾಯಿಗೆ ಪರಂಗಿ ಹಣ್ಣು ಎನ್ನುತ್ತಾರಲ್ವಾ! ಎರಡೂ ಒಂದೇ ಬೇರಿನ ಪದ. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದರು, ಮರುವರ್ಷ ಮಲಕ್ಕಾ ಹಿಡಿದರು, ಅದೇ 1511ರಲ್ಲಿ ಅವರ ದೂತ ಆಗಿನ ಥಾಯ್ ರಾಜಧಾನಿ ಅಯುತ್ಥಯಕ್ಕೂ ಬಂದ. ಪಪ್ಪಾಯಿ, ಮೆಣಸಿನಕಾಯಿ, ಟೊಮೆಟೊ, ನೆಲಗಡಲೆ ನಾಲ್ಕೂ ಅಮೆರಿಕದ ಬೆಳೆಗಳು. ಪರಂಗಿಯವರು ಸಮುದ್ರ ದಾಟಿ ಬರದೆ ಇದ್ದರೆ ನನ್ನ ಚೀಲದಲ್ಲಿ ಅವತ್ತು ಬೆಳ್ಳುಳ್ಳಿ, ನಿಂಬೆ, ಅಲಸಂಡೆ ಬಿಟ್ಟು ಜಾಸ್ತಿ ಏನೂ ಇರುತ್ತಿರಲಿಲ್ಲ.

ಟೊಮೆಟೊ ಕೊಳ್ಳುವಾಗ ಇನ್ನೊಂದು ಖುಷಿ. ಸೊಮ್ ತಮ್‌ಗೆ ಹಾಕುವ ಸಣ್ಣ, ಉದ್ದುರುಟಿನ, ಗುಲಾಬಿ ಟೊಮೆಟೊ ತಳಿಯ ಹೆಸರು ‘ಸೀದಾ’. ಥಾಯ್ ರಾಮಾಯಣವಾದ ರಾಮಕಿಯನ್‌ನಲ್ಲಿ ಸೀತೆಗೆ ಇರುವ ಹೆಸರೇ ಅದು.

ಉಳಿದವು ನಮ್ಮ ಕರಾವಳಿಯ ಅಡುಗೆಮನೆಗೆ ಹೊಸದಲ್ಲ. ಒಣ ಸಿಗಡಿ ಇದೆ, ನಾವು ಚಟ್ನಿಗೆ ಹುರಿಯುವಂಥದ್ದೇ, ಆದರೆ ಸ್ವಲ್ಪ ದಪ್ಪ, ಸಿಪ್ಪೆ ತೆಗೆದದ್ದು. ತಾಳೆ ಬೆಲ್ಲ ಇದೆ, ಮೆತ್ತಗೆ, ತಿಳಿ ಕಂದು ಬಣ್ಣ. ಫೆಚ್ಚಬುರಿ ಪ್ರಾಂತದ ತಾಳೆ ಬೆಲ್ಲಕ್ಕೆ ಇಲ್ಲಿ ದೊಡ್ಡ ಹೆಸರು. ಮೆಣಸು ಪ್ರಿಕ್ ಖೀ ನೂ, ಅಂದರೆ ಇಲಿಹಿಕ್ಕೆ ಮೆಣಸು. ನಮ್ಮ ಸೂಜಿಮೆಣಸಿನ ಹಾಗೆ ಸಣ್ಣದು, ಖಾರ ಮಾತ್ರ ನೆತ್ತಿಗೇರುವಂಥದ್ದು. ನಿಂಬೆ ಅಗ್ಗವಾಗಿ ಸಿಕ್ಕಿತು. ಏಪ್ರಿಲ್ ಸುಡುಬಿಸಿಲಲ್ಲಿ ಇದರ ಬೆಲೆ ಇಲ್ಲಿಯೂ ಏರುತ್ತದೆ, ನಮ್ಮಲ್ಲಿ ಏರುವ ಹಾಗೇ. ನನಗೆ ನಿಜಕ್ಕೂ ಹೊಸದು ಎಂದರೆ ನಮ್ ಪ್ಲಾ ಒಂದೇ. ಸಣ್ಣ ಸಮುದ್ರ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ಇಳಿಸಿದ ರಸ. ಬಾಟಲಿ ಮುಚ್ಚಳ ತೆಗೆದರೆ ವಾಸನೆ ಗಾಬರಿ ಹುಟ್ಟಿಸುತ್ತದೆ. ನಿಂಬೆ ಮತ್ತು ಬೆಲ್ಲದ ಜೊತೆ ಸೇರಿದರೆ ಆ ವಾಸನೆ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ.

ಸೋಮವಾರ ಪಾ ಬಂದರು. ಕೈಯಲ್ಲಿ ತಮ್ಮದೇ ಚಾಕು. ಅಡುಗೆಕಟ್ಟೆಯನ್ನು ಒಮ್ಮೆ ನೋಡಿ, ಒಂದು ಟವೆಲ್ ಮಡಚಿ ನೆಲದ ಮೇಲೆ ಹಾಸಿ, ಅದರ ಮೇಲೆ ಖ್ರೊಕ್ ಇಟ್ಟು ಕೂತರು. ಕೆಳಗಿನ ಮನೆಯವರಿಗೆ ಸದ್ದು ಹೋಗದಿರಲಿ ಎಂದು ಟವೆಲ್. ನೆಲದ ಮೇಲೆ ಕೂರುವುದು ಊರಿನ ರೂಢಿ ಎಂದರು. ಅವರ ಊರು ಖೋನ್ ಕೇನ್, ಈಸಾನ್ ಸೀಮೆ. ಥಾಯ್ಲೆಂಡಿನ ಈಶಾನ್ಯದ ಇಪ್ಪತ್ತು ಪ್ರಾಂತಗಳಿಗೆ ಈಸಾನ್ ಎನ್ನುತ್ತಾರೆ. ನಮ್ಮ ಈಶಾನ್ಯ ದಿಕ್ಕಿನ ಪದವೇ ಅದು. ಅಲ್ಲಿಯ ಜನರ ಮಾತು ಲಾವೊ ಭಾಷೆಗೆ ತೀರ ಹತ್ತಿರ. ಮೆಕಾಂಗ್ ನದಿಯ ಆಚೆ ದಡ ಲಾವೋಸ್, ಅಲ್ಲಿ ಇದೇ ತಿನಿಸಿಗೆ ತಮ್ ಮಾಕ್ ಹುಂಗ್ ಎಂದು ಹೆಸರು. ಈಸಾನಿನವರು ಕೂಲಿಗೆ, ಟ್ಯಾಕ್ಸಿ ಓಡಿಸಲು, ಮನೆಗೆಲಸಕ್ಕೆ ಬ್ಯಾಂಕಾಕಿಗೆ ಬಂದಾಗ ಇದನ್ನೂ ಜೊತೆಗೆ ತಂದರು. ಈಗ ಈ ಸದ್ದು ಇಲ್ಲದ ಗಲ್ಲಿ ಹುಡುಕುವುದು ಕಷ್ಟ.

ಪಾ ಮೊದಲು ಪಪ್ಪಾಯಿಯನ್ನು ಬೆರಳಿನಿಂದ ತಟ್ಟಿ ನೋಡಿದರು. ಗಟ್ಟಿ ಕಾಯಿ, ಸಿಪ್ಪೆ ಕಡು ಹಸಿರು, ಒತ್ತಿದರೆ ಎಲ್ಲೂ ತಗ್ಗಬಾರದು. ಸಿಪ್ಪೆಗೆ ಉದ್ದುದ್ದ ನಾಲ್ಕು ಗೀರು ಹಾಕಿ ನಲ್ಲಿಯ ಕೆಳಗೆ ಹಿಡಿಯಲು ಹೇಳಿದರು. ಬಿಳಿ ಹಾಲು ಹರಿದು ಹೋಯಿತು. ಪಪ್ಪಾಯಿ ಹಾಲಿನಲ್ಲಿ ಪಪೈನ್ ಎಂಬ ಕಿಣ್ವ ಇರುತ್ತದೆ. ಗಟ್ಟಿ ಮಾಂಸ ಮೆತ್ತಗಾಗಲು ಹಸಿ ಪಪ್ಪಾಯಿ ಹಚ್ಚುವುದು ಇದಕ್ಕೇ. ಕೈಗೆ ಹತ್ತಿದರೆ ಕೆಲವರಿಗೆ ತುರಿಸುತ್ತದೆ. ಆಮೇಲೆ ಸಿಪ್ಪೆ ಹೆರೆದು ಮತ್ತೆ ತೊಳೆದೆವು.

ಇನ್ನು ಎಳೆ ತೆಗೆಯುವ ಕೆಲಸ. ಪಾ ಕಾಯಿಯನ್ನು ಎಡ ಅಂಗೈಯಲ್ಲಿ ಮಲಗಿಸಿ, ಬಲಗೈಯ ಚಾಕುವಿನಿಂದ ಉದ್ದಕ್ಕೆ ಟಕಟಕ ಕೊಚ್ಚುತ್ತಾ ಹೋದರು. ಹತ್ತಿರ ಹತ್ತಿರ ಹದಿನೈದು ಇಪ್ಪತ್ತು ಏಟು. ನಂತರ ಚಾಕುವನ್ನು ಓರೆಯಾಗಿ ಹಿಡಿದು ಮೇಲಿನ ಪದರವನ್ನು ಸವರಿದರು. ಎಳೆ ಎಳೆಯಾಗಿ ಬಟ್ಟಲಿಗೆ ಬಿತ್ತು. ಮತ್ತೆ ಕೊಚ್ಚು, ಮತ್ತೆ ಸವರು. ನಾನು ಕಾಯಿಯನ್ನು ಕೈಯಲ್ಲಿ ಹಿಡಿಯುವ ಧೈರ್ಯ ಮಾಡಲಿಲ್ಲ, ಹಲಗೆಯ ಮೇಲಿಟ್ಟು ಕೊಚ್ಚಿದೆ. ಅದಕ್ಕೇನೂ ಅವರು ಬೇಡ ಎನ್ನಲಿಲ್ಲ. ಅಲೆ ಅಲೆ ಹಲ್ಲಿರುವ ಹೆರೆಮಣೆಯಂಥ ಕೈಚಾಕು ಸಂತೆಯಲ್ಲಿ ಸಿಗುತ್ತದೆ, ಅದರಲ್ಲಿ ಕೆಲಸ ಬೇಗ ಆಗುತ್ತದೆ. ಆದರೂ ನನಗೆ ಕೊಚ್ಚಿದ್ದೇ ಇಷ್ಟ. ಎಳೆಗಳು ಒಂದೇ ಅಳತೆ ಇರುವುದಿಲ್ಲ. ತೆಳುವಾದವು ರಸ ಹೀರಿಕೊಳ್ಳುತ್ತವೆ, ದಪ್ಪನೆಯವು ಹಲ್ಲಿಗೆ ಕರಂ ಎನ್ನುತ್ತವೆ. ಒಳಗಿನ ಬಿಳಿ ಬೀಜ ಕಾಣುವ ತನಕ ಬಂದರೆ ನಿಲ್ಲಿಸಬೇಕು. ಎಳೆಗಳನ್ನು ಐಸ್ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಮುಳುಗಿಸಿ, ಪೂರ್ತಿ ಬಸಿದು, ಬಟ್ಟೆಯ ಮೇಲೆ ಹರಡಬೇಕು. ನೀರು ಉಳಿದರೆ ಹುಳಿ, ಉಪ್ಪು, ಸಿಹಿ ಎಲ್ಲ ಪೇಲವ. ನನ್ನ ಮೊದಲ ಸಲದ ಗಂಜಿಗೆ ಇದೂ ಒಂದು ಕಾರಣ ಇರಬೇಕು.

ಅಳತೆ ಕೇಳಿದರೆ ಪಾ ನಾಲಿಗೆ ತೋರಿಸಿದರು. ಅವರು ಹಾಕುತ್ತಾ ಹೋದದ್ದನ್ನು ನಾನು ಕಣ್ಣಳತೆಯಲ್ಲಿ ಬರೆದಿಟ್ಟುಕೊಂಡೆ. ಇಬ್ಬರಿಗೆ ಸುಮಾರು 200 ಗ್ರಾಂ ಪಪ್ಪಾಯಿ ಎಳೆ. ಬೆಳ್ಳುಳ್ಳಿ 3 ಎಸಳು, ಮೆಣಸು 3, ತಾಳೆ ಬೆಲ್ಲ ಒಂದು ದೊಡ್ಡ ಚಮಚ, ಒಣ ಸಿಗಡಿ ಒಂದು ಚಮಚ, ಹುರಿದ ನೆಲಗಡಲೆ ಎರಡು ಚಮಚ, ಅಲಸಂಡೆ 2, ಸೀದಾ ಟೊಮೆಟೊ 4, ನಮ್ ಪ್ಲಾ ಒಂದೂವರೆ ಚಮಚ, ನಿಂಬೆರಸ ಎರಡು ಚಮಚ, ಹುಣಸೆ ರಸ ಒಂದು ಚಮಚ. ಗಾಡಿಯಲ್ಲಿ ಅವರು ಒಂದು ಚಿಟಿಕೆ ಅಜಿನೊಮೊಟೊ ಕೂಡ ಹಾಕುತ್ತಾರೆ. ನಾನು ಹಾಕುವುದಿಲ್ಲ.

ಸಾಕ್ ಅನ್ನು ನನ್ನ ಕೈಗೆ ಕೊಟ್ಟರು. ಬೆಳ್ಳುಳ್ಳಿ, ಮೆಣಸು ಮೊದಲು. ನಾನು ಅಭ್ಯಾಸಬಲದಿಂದ ನುಣ್ಣಗೆ ಕುಟ್ಟಲು ಹೊರಟೆ. ಮೂರನೇ ಏಟಿಗೇ ಅವರು ನನ್ನ ಮಣಿಕಟ್ಟು ಹಿಡಿದರು. ಬೆಳ್ಳುಳ್ಳಿ ಒಡೆದರೆ ಸಾಕು, ಮೆಣಸು ಸೀಳಿದರೆ ಸಾಕು. ಖಾರ ಎಷ್ಟು ಎಂಬುದು ಮೆಣಸಿನ ಸಂಖ್ಯೆಯಲ್ಲಿ ಮಾತ್ರ ಇಲ್ಲ. ಎಷ್ಟು ಜಜ್ಜಿದೆ ಎಂಬುದರಲ್ಲೂ ಇದೆ.

ಆಮೇಲೆ ಬೆಲ್ಲ. ಅದನ್ನು ಸಾಕ್‌ನಿಂದ ತಿರುವಿ ಕರಗಿಸಬೇಕು. ಪಪ್ಪಾಯಿ ಬಿದ್ದ ಮೇಲೆ ಬೆಲ್ಲ ಕರಗುವುದಿಲ್ಲ, ಒಂದು ತುತ್ತು ಬರೀ ಸಿಹಿ, ಇನ್ನೊಂದು ಬರೀ ಹುಳಿ ಆಗುತ್ತದೆ. ಸಿಗಡಿ ಮತ್ತು ಅರ್ಧ ನೆಲಗಡಲೆ ಹಾಕಿ ಎರಡು ಏಟು. ಬೆರಳುದ್ದ ಮುರಿದ ಅಲಸಂಡೆ, ಇನ್ನೂ ಎರಡು ಏಟು, ಸಿಪ್ಪೆ ಬಿರಿಯುವಷ್ಟು. ನಮ್ ಪ್ಲಾ, ನಿಂಬೆ, ಹುಣಸೆ. ನಿಂಬೆ ಹಿಂಡಿದ ಮೇಲೆ ಒಂದು ಹೋಳು ಸಿಪ್ಪೆಯನ್ನೂ ಒಳಗೆ ಹಾಕಿದರು, ಘಮಕ್ಕೆ. ಟೊಮೆಟೊ ಹಾಕಿ ಸುಮ್ನೆ ಒಮ್ಮೆ ಒತ್ತಿದರು. ಈಗ ಚಮಚದಲ್ಲಿ ರಸ ತೆಗೆದು ನಾಲಿಗೆಗೆ ಹಚ್ಚಿ ನೋಡಬೇಕು. ಈ ಹಂತದಲ್ಲಿ ರಸ ಎಲ್ಲದರಲ್ಲೂ ಸ್ವಲ್ಪ ಜೋರಾಗಿಯೇ ಇರಬೇಕು. ಪಪ್ಪಾಯಿಗೆ ತನ್ನದು ಅಂತ ರುಚಿ ಕಡಿಮೆ, ಅದು ಬಂದು ಎಲ್ಲವನ್ನೂ ತಗ್ಗಿಸುತ್ತದೆ.

ಕೊನೆಗೆ ಪಪ್ಪಾಯಿ. ಎಡಗೈಯಲ್ಲಿ ದೊಡ್ಡ ಚಮಚ, ಬಲಗೈಯಲ್ಲಿ ಸಾಕ್. ಚಮಚ ಗೋಡೆಗುಂಟ ಇಳಿದು ಕೆಳಗಿನದನ್ನು ಮೇಲಕ್ಕೆ ತರುತ್ತದೆ. ಸಾಕ್ ಮೇಲಿನಿಂದ ಇಳಿಯುತ್ತದೆ. ಚಮಚ, ಸಾಕ್, ಚಮಚ, ಸಾಕ್. ನನ್ನ ಕೈಗಳು ಎರಡೂ ಒಟ್ಟಿಗೇ ಇಳಿದು ಸಾಕ್ ಚಮಚಕ್ಕೇ ಬಡಿಯಿತು. ಎಳೆಗಳು ಮುರಿಯತೊಡಗಿದವು. ಪಾ ನನ್ನ ಹಿಂದೆ ಮೊಣಕಾಲೂರಿ ಕೂತು, ಎರಡೂ ಕೈ ಮೇಲೆ ತಮ್ಮ ಕೈ ಇಟ್ಟರು. ಅವರ ಏಟಿನಲ್ಲಿ ತೋಳಿನ ಬಲವೇ ಇರಲಿಲ್ಲ. ಸಾಕ್ ತನ್ನ ಭಾರಕ್ಕೆ ತಾನೇ ಬೀಳುತ್ತಿತ್ತು, ಅವರು ಎತ್ತುತ್ತಿದ್ದರು ಅಷ್ಟೆ.

ಆಗ ನನಗೆ ನಮ್ಮ ಪದಗಳು ಬೇರೆ ಬೇರೆಯಾಗಿ ಕಂಡವು. ಅರೆಯುವುದು ಒಂದು, ಕುಟ್ಟುವುದು ಒಂದು, ಜಜ್ಜುವುದು ಒಂದು, ತಟ್ಟುವುದು ಒಂದು. ಅಮ್ಮ ಮಸಾಲೆ ಅರೆಯುತ್ತಿದ್ದರು, ಅವಲಕ್ಕಿ ಕುಟ್ಟುತ್ತಿದ್ದರು, ಶುಂಠಿ ಜಜ್ಜುತ್ತಿದ್ದರು, ರೊಟ್ಟಿ ತಟ್ಟುತ್ತಿದ್ದರು. ಥಾಯ್‌ನ ‘ತಮ್’ ಒಂದೇ ಪದ, ಆದರೆ ಈ ಒಂದೇ ಒರಳಿನಲ್ಲಿ ಬೆಳ್ಳುಳ್ಳಿಗೆ ಬೇಕಾದದ್ದು ಜಜ್ಜುವ ಕೈ, ಪಪ್ಪಾಯಿಗೆ ಬೇಕಾದದ್ದು ತಟ್ಟುವ ಕೈ. ನಾನು ಇಷ್ಟು ದಿನ ಎಲ್ಲದಕ್ಕೂ ಕುಟ್ಟುವ ಕೈಯನ್ನೇ ಹಾಕಿದ್ದೆ. ಎಳೆ ನಲುಗಬೇಕು, ಮುರಿಯಬಾರದು. ನಲುಗಿದ ಎಳೆ ಬಾಗುತ್ತದೆ, ರಸ ಕುಡಿಯುತ್ತದೆ, ಕಚ್ಚಿದರೆ ಇನ್ನೂ ಕರಂ ಎನ್ನುತ್ತದೆ. ಹದಿನೈದು ಇಪ್ಪತ್ತು ಸಲ ತಟ್ಟಿದ ಮೇಲೆ ಪಾ ಚಮಚವನ್ನು ಒರಳಿನ ಅಂಚಿಗೆ ಟಣ್ ಎನಿಸಿದರು. ಸಾಕು.

ತಟ್ಟೆಗೆ ಸುರಿದು ಉಳಿದ ನೆಲಗಡಲೆ ಉದುರಿಸಿದೆವು. ಪಕ್ಕದಲ್ಲಿ ಹಸಿ ಎಲೆಕೋಸು, ಅಲಸಂಡೆ ತುಂಡು. ಖಾರ ಹೆಚ್ಚಾದರೆ ಕಚ್ಚಿಕೊಳ್ಳಲು. ಬೀದಿಯ ಕೊನೆಯ ಕೋಳಿ ಸುಡುವ ಅಂಗಡಿಯಿಂದ ನಮ್ಮವರು ಕೈ ಯಾಂಗ್, ಅಂದರೆ ಸುಟ್ಟ ಕೋಳಿ, ಮತ್ತು ಸಣ್ಣ ಪ್ಲಾಸ್ಟಿಕ್ ಚೀಲಗಳಲ್ಲಿ ಖಾವ್ ನಿಯಾವ್ ತಂದಿದ್ದರು. ಖಾವ್ ನಿಯಾವ್ ಎಂದರೆ ಅಂಟು ಅಕ್ಕಿಯನ್ನು ನೆನೆಸಿ ಹಬೆಯಲ್ಲಿ ಬೇಯಿಸಿದ ಅನ್ನ. ಈಸಾನಿನಲ್ಲಿ ಇದನ್ನು ಕೈಯಲ್ಲೇ ತಿನ್ನುತ್ತಾರೆ. ಸಣ್ಣ ಉಂಡೆ ಮಾಡಿ ತಟ್ಟೆಯ ತಳದ ರಸಕ್ಕೆ ಒತ್ತಿ ಬಾಯಿಗೆ. ನಮಗೆ ಇದನ್ನು ಯಾರೂ ಕಲಿಸಬೇಕಾಗಲಿಲ್ಲ. ನಾಲ್ವರೂ ನೆಲದ ಮೇಲೆ ಸುತ್ತ ಕೂತು ತಿಂದೆವು. ಪಾ ಒಂದು ತುತ್ತು ತಿಂದು, ಏನೂ ಹೇಳದೆ ಇನ್ನರ್ಧ ನಿಂಬೆ ಹಿಂಡಿದರು. ನಂತರ “ಸ್ಯಾಪ್” ಎಂದರು. ರುಚಿಯಾಗಿದೆ ಎನ್ನಲು ಈಸಾನಿನವರ ಮಾತು ಅದು.

ಇದು ಸೊಮ್ ತಮ್ ಥಾಯ್, ಅಂದರೆ ಬ್ಯಾಂಕಾಕಿನವರ ಬಾಯಿಗೆ ಒಗ್ಗಿದ ಸಿಹಿ ಹುಳಿಯ ಬಗೆ. ಪಾ ತಮಗಾಗಿ ಮಾಡಿಕೊಳ್ಳುವುದೇ ಬೇರೆ. ಅದಕ್ಕೆ ನೆಲಗಡಲೆ ಇಲ್ಲ. ಗದ್ದೆಯ ಉಪ್ಪು ಏಡಿ ಮತ್ತು ಪ್ಲಾ ರಾ ಬೇಕು. ಪ್ಲಾ ರಾ ಎಂದರೆ ಹೊಳೆ, ಕೆರೆಯ ಮೀನನ್ನು ಉಪ್ಪು, ಹುರಿದ ಅಕ್ಕಿ ಅಥವಾ ತೌಡಿನ ಜೊತೆ ಹುದುಗಿಸಿದ್ದು. ಅದರ ರುಚಿ ನನಗೆ ನಿಧಾನಕ್ಕೆ ಹಿಡಿಸುತ್ತಿದೆ. ಮನೆಯಲ್ಲಿ ಮಾಡಿದಾಗ ಪ್ಲಾ ರಾ ಅನ್ನು ಕುದಿಸಿಯೇ ಹಾಕುತ್ತೇನೆ.

ಅಂದಿನಿಂದ ಹತ್ತಾರು ಸಲ ಮಾಡಿದ್ದೇನೆ. ಮೈಸೂರಿನ ಗೆಳತಿ ಬಂದಾಗ ಸಿಗಡಿ, ನಮ್ ಪ್ಲಾ ಬಿಟ್ಟು, ತಿಳಿ ಸೋಯಾ ಸಾಸ್ ಮತ್ತು ಉಪ್ಪಿನಲ್ಲಿ ಮಾಡಿದೆ. ನೆಲಗಡಲೆಯನ್ನು ಸ್ವಲ್ಪ ಜಾಸ್ತಿ ಹುರಿದು ಹಾಕಿದ್ದರಿಂದ ರುಚಿ ತುಂಬಿ ಬಂತು. ಅವಳು ಕೋಸಂಬರಿಯ ತಂಗಿ ಎಂದಳು. ಒಗ್ಗರಣೆ ಇಲ್ಲದಿದ್ದರೂ ಹಸಿ ತರಕಾರಿ, ನಿಂಬೆ, ಮೆಣಸಿನ ಆ ನಂಟು ನಿಜವೇ. ಪಕ್ಕದ ಮನೆಯ ಬಸುರಿ ಹುಡುಗಿಗೆ ಮಾತ್ರ ಪಪ್ಪಾಯಿ ಹಾಕಲಿಲ್ಲ. ನಮ್ಮ ಕಡೆ ಹಿರಿಯರು ಬೇಡ ಎನ್ನುವುದನ್ನು ಮೀರುವ ಮನಸ್ಸಾಗಲಿಲ್ಲ. ಅವಳಿಗೆ ಸೌತೆಕಾಯಿಯದು ಮಾಡಿಕೊಟ್ಟೆ. ಅದಕ್ಕೂ ಇಲ್ಲಿ ಹೆಸರಿದೆ, ತಮ್ ತೇಂಗ್. ಸೌತೆಯನ್ನು ಇನ್ನೂ ಮೆಲ್ಲಗೆ ತಟ್ಟಬೇಕು, ಇಲ್ಲದಿದ್ದರೆ ನೀರಾಗುತ್ತದೆ.

ಕಳೆದ ತಿಂಗಳು ವೀಡಿಯೊ ಕರೆಯಲ್ಲಿ ಅಮ್ಮನಿಗೆ ಪೂರ್ತಿ ಮಾಡಿ ತೋರಿಸಿದೆ. ಅವರು ಸುಮ್ಮನೆ ನೋಡುತ್ತಾ ಇದ್ದರು. ಮುಗಿದ ಮೇಲೆ, “ಆ ಒರಳಿನ ಸದ್ದು ಇನ್ನೊಮ್ಮೆ ಕೇಳಿಸು” ಎಂದರು. ಫೋನನ್ನು ಒರಳಿನ ಬಾಯಿಗೆ ಹಿಡಿದು ನಾಲ್ಕು ಸಲ ತಟ್ಟಿದೆ.

ಖ್ರೊಕ್ ಅನ್ನು ಸೋಪು ಹಾಕಿ ತೊಳೆಯಬೇಡ, ಮಣ್ಣು ಸೋಪು ಕುಡಿಯುತ್ತದೆ ಎಂದು ಪಾ ಹೇಳಿದ್ದಾರೆ. ಬಿಸಿನೀರು, ತೆಂಗಿನ ನಾರು ಅಷ್ಟೆ. ಈಗ ಅದು ಬಾಲ್ಕನಿಯಲ್ಲಿ ಬೋರಲಾಗಿ ಒಣಗುತ್ತಿದೆ. ಪಪ್ಪಾಯಿ ಮುಗಿದಿದೆ. ಫ್ರಿಡ್ಜಿನಲ್ಲಿ ಒಂದು ಕಟ್ಟು ಅಲಸಂಡೆ ಉಳಿದಿದೆ, ನಾಳೆ ಅದರದ್ದೇ ತಮ್ ಮಾಡುತ್ತೇನೆ.